ಓರೆ ನಿಂತ ಬೋಲ್ಟು

"ಲೇ ಸೂಳೆಮಗನೆ, ನೆಟ್ಟಗೆ ಹಿಡಿಯೋ! ನಿನ್ನ ಸೊಂಟದ ಹಾಗೆ ಓರೆ ಆಗ್ತಿದೆ ಬೋಲ್ಟು!"

ಕಂಟ್ರಾಕ್ಟರ್ ಮೇಲಿನಿಂದ ಉಗಿದ. ಕೆಳಗೆ ಗುಂಡಿಯಣ್ಣ ಮೊಣಕಾಲುದ್ದ ಹಸಿ ಕಾಂಕ್ರೀಟಿನಲ್ಲಿ ನಿಂತು ನಾಲ್ಕು ಬೋಲ್ಟುಗಳನ್ನು ತೋಳಲ್ಲಿ ತಬ್ಬಿ ಹಿಡಿದಿದ್ದ. ವರ್ಷವೆಲ್ಲ ಪಾಯದ ಗುಂಡಿಯಲ್ಲೇ ಇರುತ್ತಿದ್ದವನಿಗೆ ಜೊತೆಯವರು ಇಟ್ಟ ಹೆಸರು ಅದು. ಕಾಂಕ್ರೀಟು ಗಟ್ಟಿಯಾದ ಮೇಲೆ ಉಕ್ಕಿನ ಕಂಬ ಬಂದು ಕೂರಬೇಕಾದದ್ದು ಈ ಬೋಲ್ಟುಗಳ ಮೇಲೆ. ಅವು ಅಲುಗದಂತೆ ಕಚ್ಚಿ ಹಿಡಿಯಲು ನಾಲ್ಕು ತೂತಿನ ತಗಡೊಂದಿತ್ತು. ಪಕ್ಕದ ಗುಂಡಿಗೆ ಬೇಕೆಂದು ಕಂಟ್ರಾಕ್ಟರ್ ಅದನ್ನು ನಡುವೆಯೇ ಕಳಚಿಸಿದ್ದ.

"ತಗಡಿಲ್ದೆ ನಿಲ್ಲಲ್ಲ ಸಾರ್."

"ನಿನ್ನ ಕೈ ಇರೋದು ಬರೀ ತಿನ್ನೋಕಾ? ಹಿಡ್ಕೋ!"

ಕಂಟ್ರಾಕ್ಟರನ ಪಕ್ಕದಲ್ಲಿ ಬಿಳಿ ಹೆಲ್ಮೆಟ್ಟು ಹಾಕಿ ನಿಂತಿದ್ದ ಮೇಸ್ತ್ರಿ ಗುಂಡಿಯಣ್ಣನ ಹೆಂಡತಿಯ ತಮ್ಮ. ಮೀಸೆ ಮೂಡುವ ಮೊದಲೇ ಅಕ್ಕನ ಸೆರಗು ಹಿಡಿದು ಬಂದವನು. ಸಲಿಕೆ ಹಿಡಿಯುವುದನ್ನು ಅವನಿಗೆ ಕಲಿಸಿದವನೇ ಗುಂಡಿಯಣ್ಣ. ಈಗ ಅವನು ಮೇಲೆ, ಇವನು ಕೆಳಗೆ. ಮನೆಯಲ್ಲಿ ಹೆಂಡತಿ ತಮ್ಮನ ಬೂಟು ಒರೆಸಿ ಬಾಗಿಲ ಒಳಗಿಡುತ್ತಿದ್ದಳು; ಗಂಡನ ಚಪ್ಪಲಿ ಹೊರಗೇ. "ನನ್ನ ತಮ್ಮ ಹೇಗೆ ಮೇಲೆ ಬಂದ ನೋಡಿ" ಎಂದಾಗಲೆಲ್ಲ ಗುಂಡಿಯಣ್ಣ ಅರ್ಧ ಊಟಕ್ಕೇ ಕೈ ತೊಳೆದು ಏಳುತ್ತಿದ್ದ.

"ಭಾವಾ, ಎಡಕ್ಕೆ ಒಂಚೂರು," ಎಂದ ಮೇಸ್ತ್ರಿ, ಮೆಲ್ಲಗೆ.

ಕಂಟ್ರಾಕ್ಟರನ ಬೈಗುಳಕ್ಕಿಂತ ಆ ಮೆಲುದನಿಯೇ ಅವನನ್ನು ಹೆಚ್ಚು ಉರಿಸಿತು.

"ನಂಗೂ ಕಣ್ಣಿದೆ. ಬಾಯಿ ಮುಚ್ಕೊಂಡಿರು."

ಕಾಂಕ್ರೀಟು ಗಟ್ಟಿಯಾಗಿ, ಕ್ರೇನು ಕಂಬವನ್ನು ಎತ್ತಿ ತಂದ ದಿನ ಮೂರು ಬೋಲ್ಟುಗಳು ಕಂಬದ ಬುಡದ ತೂತುಗಳಿಗೆ ಸರಿಯಾಗಿ ಸಿಕ್ಕವು. ನಾಲ್ಕನೆಯದು ಓರೆ ನಿಂತಿತ್ತು. ಕಂಬ ಕೂರಲಿಲ್ಲ, ಪಕ್ಕಕ್ಕೆ ಇಳಿಸಿ ಮಲಗಿಸಿದರು. ಕೆಲಸ ಪರೀಕ್ಷಿಸಿ ಒಪ್ಪಬೇಕಾದ ಇಂಜಿನಿಯರ್ ಕೆಂಡವಾದ.

"ತಗಡು ತೆಗ್ಸಿದ್ದು ಯಾರು?"

ಕಂಟ್ರಾಕ್ಟರ್ ಗುಂಡಿಯಣ್ಣನನ್ನು ಮರಳಿನ ರಾಶಿಯ ಹಿಂದಕ್ಕೆ ಎಳೆದೊಯ್ದ. "ನಿನ್ನ ಭಾಮೈದ ಅನ್ನು. ಅವನ ಹೆಲ್ಮೆಟ್ಟು ನಿನ್ನ ತಲೆಗೆ. ಎಷ್ಟು ಕಾಲ ಅಂತ ಹಂದಿ ಹಾಗೆ ಗುಂಡೀಲಿ ಬಿದ್ದಿರ್ತೀಯ?"

ಗುಂಡಿಯಣ್ಣ ಯೋಚಿಸಲು ಹೋಗಲಿಲ್ಲ. ನೇರ ಇಂಜಿನಿಯರನ ಮುಂದೆ ನಿಂತ.

"ಮೇಸ್ತ್ರಿನೇ ತೆಗ್ಸಿದ್ದು ಸಾರ್."

"ನಾನಲ್ಲ ಸಾರ್," ಎಂದ ಮೇಸ್ತ್ರಿಯ ಕೆನ್ನೆಗೆ ಕಂಟ್ರಾಕ್ಟರನ ಅಂಗೈ ಬಿತ್ತು. ಹೆಲ್ಮೆಟ್ಟು ಜಲ್ಲಿಯ ಮೇಲೆ ಉರುಳಿತು. ಗುಂಡಿಯಣ್ಣನಿಗೆ ಉರಿಬಿಸಿಲಲ್ಲಿ ತಣ್ಣೀರು ಕುಡಿದಂತಾಯಿತು. ಇಂಜಿನಿಯರ್, "ಸಂಜೆಯೊಳಗೆ ಸರಿ ಆಗಿರ್ಬೇಕು," ಎಂದು ಫೋನು ಕಿವಿಗಿಟ್ಟು ತನ್ನ ಶೆಡ್ಡಿನತ್ತ ನಡೆದ.

ಮೇಸ್ತ್ರಿ ಭಾವನ ಮುಖ ನೋಡಿದ.

"ಅಕ್ಕಂಗೆ ನಾನೇನೂ ಹೇಳಲ್ಲ," ಎಂದು ಗೇಟಿನ ಕಡೆ ಹೋದ.

ಗುಂಡಿಯಣ್ಣ ಉರುಳಿಬಿದ್ದ ಹೆಲ್ಮೆಟ್ಟಿಗೆ ಕೈ ಚಾಚಲಿಲ್ಲ.

ಕಂಟ್ರಾಕ್ಟರ್ ಹೆಲ್ಮೆಟ್ಟನ್ನು ಗುಂಡಿಯಣ್ಣನ ತಲೆಗೆ ಒತ್ತಿ, ಕೈಗೆ ದೊಡ್ಡ ಸುತ್ತಿಗೆ ಕೊಟ್ಟ. "ಹೋಗು, ಆ ಓರೆಯದನ್ನ ಬಡಿದು ಬಗ್ಗಿಸು. ಕಂಬ ಕೂತ್ರೆ ಸಾಕು."

"ಬುಡ ಬಿರುಕು ಬಿಡುತ್ತೆ ಸಾರ್. ಜೋರು ಗಾಳಿ ಬಂದ್ರೆ ಕಂಬಾನೇ..."

"ಬಿದ್ರೆ ನನ್ನ ಮೇಲೆ ಬೀಳುತ್ತಾ? ಕೆಳಗೆ ಇರೋರು ನಿನ್ನಂಥ ನಾಯಿಗಳೇ ತಾನೆ! ಇನ್ನೊಂದು ಲಾರಿ ತುಂಬಾ ತರಿಸ್ತೀನಿ."

"ಯಾರಾದ್ರೂ ಕೇಳಿದ್ರೆ ಏನಂತೀರಿ?"

"ಮೇಸ್ತ್ರಿ ತಪ್ಪು ಅಂತೀನಿ." ಕಂಟ್ರಾಕ್ಟರ್ ನಕ್ಕು ಹೆಲ್ಮೆಟ್ಟಿನ ಮೇಲೆ ಬೆರಳಿಂದ ಕುಟ್ಟಿದ. "ಇದನ್ನ ನಿಂಗೆ ಕೊಟ್ಟಿದ್ದು ಮತ್ಯಾಕೆ ಅಂದ್ಕೊಂಡೆ?"

ಗೇಟಿನಾಚೆಯ ನಲ್ಲಿಯಲ್ಲಿ ಭಾಮೈದ ಮುಖ ತೊಳೆಯುತ್ತಿದ್ದ. ಏಟು ತಿಂದ ಕೆನ್ನೆ ದೂರಕ್ಕೂ ಕೆಂಪಾಗಿ ಕಾಣುತ್ತಿತ್ತು. ಸುಳ್ಳು ಹೇಳದೆ ಹೊರಗೆ ಹೋದವನು. ಗುಂಡಿಯಣ್ಣನಿಗೆ ಆ ಕೆನ್ನೆಯ ಮೇಲೂ ಹೊಟ್ಟೆಕಿಚ್ಚಾಯಿತು. ಅದು ಇಂದಿನವರೆಗಿನ ಎಲ್ಲ ಕಿಚ್ಚಿಗಿಂತ ಜೋರಾಗಿತ್ತು.

ಗುಂಡಿಗಿಳಿದ. ಸುತ್ತಿಗೆ ಎತ್ತಿ, ನೆಟ್ಟಗೆ ನಿಂತಿದ್ದ ಬೋಲ್ಟಿನ ನೆತ್ತಿಗೇ ಹೊಡೆದ. ನಟ್ಟು ಸುತ್ತುವ ತಿರುಪಿನ ಗೀರುಗಳೆಲ್ಲ ಜಜ್ಜಿಹೋದವು.

"ಲೇ ಕುರುಡ! ಅದಲ್ಲ! ಅದು ಸರಿಯಾಗೇ ಇದೆ!"

ಎರಡನೆಯದಕ್ಕೆ ಹೊಡೆದ. ಮೂರನೆಯದಕ್ಕೂ. ಇನ್ನು ಅವುಗಳಿಗೆ ಯಾವ ನಟ್ಟೂ ಇಳಿಯುವಂತಿರಲಿಲ್ಲ. ಇಡೀ ಪಾಯವನ್ನೇ ಒಡೆದು ಹೊಸದಾಗಿ ಹಾಕಬೇಕು. ಸದ್ದಿಗೆ ಇಂಜಿನಿಯರ್ ಓಡಿಬಂದ. ಸುತ್ತಲಿನ ಗುಂಡಿಗಳಲ್ಲಿ ಸಲಿಕೆಗಳು ನಿಂತವು.

"ತಗಡು ತೆಗ್ಸಿದ್ದು ಈ ಬೋಳಿಮಗ," ಎಂದು ಗುಂಡಿಯಣ್ಣ ಎಲ್ಲರಿಗೂ ಕೇಳುವಂತೆ ಕೂಗಿದ. "ಸುಳ್ಳು ಹೇಳಿದ್ದು ನಾನು. ಇದರ ಮೇಲೆ ಇನ್ನು ಯಾವನೂ ಕಂಬ ನಿಲ್ಸಲ್ಲ."

"ಹಿಡೀರೋ ಅವನ್ನ!" ಕಂಟ್ರಾಕ್ಟರ್ ಅರಚಿದ. ಯಾರೂ ಕದಲಲಿಲ್ಲ. ಕೊನೆಗೆ ತಾನೇ ಗುಂಡಿಗೆ ಒಂದು ಕಾಲು ಇಳಿಬಿಟ್ಟ.

ಗುಂಡಿಯಣ್ಣ ಅಂಗೈಗೆ ಉಗುಳಿ, ಸುತ್ತಿಗೆಯನ್ನು ಮತ್ತೆ ಮೇಲಕ್ಕೆತ್ತಿದ.

"ಇಳೀರಿ ಸಾರ್," ಎಂದ. "ಬೋಲ್ಟು ನೆಟ್ಟಗೆ ಹಿಡ್ಕೊಳ್ಳಿ, ಬನ್ನಿ."