ಕೈಯಾರೆ ಕೊಟ್ಟದ್ದು

"ಇನ್ನೊಂದ್ಸಲ ಯೋಚ್ನೆ ಮಾಡಿ. ಕೀಲಿಕೈ ನೀವೇ ಕೊಟ್ರಾ, ಇಲ್ಲಾ ಅವನೇ ಎತ್ಕೊಂಡ್ನಾ?" ನ್ಯಾಯಾಲಯದ ಹಜಾರದಲ್ಲಿ ಆಲ್ಮುಟ್‌ಳ ವಕೀಲೆ ಡಿರ್ಕ್ಸ್ ದನಿ ತಗ್ಗಿಸಿ ಕೇಳಿದಳು. "ಹೀಗೇ ಹೇಳಿ ಅಂತ ನಾನು ಹೇಳೋ ಹಾಗಿಲ್ಲ. ಕದ್ದ ಮಾಲಾದ್ರೆ ಎಷ್ಟು ಕೈ ದಾಟಿದ್ರೂ ಗಾಡಿ ನಿಮ್ದೇ. ನೀವೇ ನಂಬಿ ಕೊಟ್ಟು ಅವನು ಮಾರ್ಕೊಂಡಿದ್ರೆ, ನಂಬಿ ಕೊಂಡವನಿಗೇ ಸೇರುತ್ತೆ."



ಲೇರ್ ಪಟ್ಟಣದಲ್ಲಿ ಒಂಟಿಯಾಗಿದ್ದ ಆಲ್ಮುಟ್, ಹಳೆಯ ನೀಲಿ ವ್ಯಾನಿನಲ್ಲಿ ಊರೂರು ತಿರುಗಿ ಪಿಯಾನೋಗಳನ್ನು ಶ್ರುತಿ ಮಾಡುತ್ತಿದ್ದಳು. ಹೆನ್ನಿಂಗ್ ಸಿಕ್ಕಿದ್ದೂ ಹಾಗೆಯೇ, ಒಂದು ಚರ್ಚಿನ ಸಭಾಂಗಣದಲ್ಲಿ. ಚಳಿಗಾಲವಿಡೀ ಭಾನುವಾರಗಳಂದು ಚಹಾಕ್ಕೆ ಬಂದ. ಬಟ್ಟಲು ತೊಳೆಯುವಾಗ ಅಪಸ್ವರದಲ್ಲಿ ಹಾಡುತ್ತಿದ್ದ, ಅವಳು ತಿದ್ದುತ್ತಿರಲಿಲ್ಲ. ಮಾರ್ಚ್‌ನಲ್ಲಿ, ತಂಗಿಯ ಸಾಮಾನು ಸಾಗಿಸಬೇಕೆಂದು ವ್ಯಾನು ಕೇಳಿದ. ಹೋದವನು ಬರಲಿಲ್ಲ. ವ್ಯಾನು ಕೊನೆಗೆ ಸಿಕ್ಕಿದ್ದು ಎಮ್ಡೆನ್‌ನ ಮೀನು ವ್ಯಾಪಾರಿ ಹಾರೊನ ಬಳಿ. ಮಾರುವಾಗ ಹೆನ್ನಿಂಗ್ ಅವನಿಗೆ ತೋರಿಸಿದ್ದ ನಕಲಿ ಕಾಗದಪತ್ರ ಯಾರ ಕಣ್ಣಿಗೂ ಅಸಲಿಯೇ.

"ನಾನು ಮಲಗಿದ್ದಾಗ ಎತ್ಕೊಂಡು ಹೋದ ಅಂದ್ಬಿಡೇ," ಎಂದು ಅಕ್ಕ ಫೋನಿನಲ್ಲಿ ಗದರಿದ್ದಳು. "ಯಾರು ನೋಡಿದಾರೆ?"

ಅದು ನಿಜವೇ. ಆ ಮನೆಯಲ್ಲಿ ಏನು ನಡೆದರೂ ನೋಡುವವರು ಯಾರೂ ಇರಲಿಲ್ಲ.

ಒಳಗೆ ನ್ಯಾಯಾಧೀಶರು ಅದೇ ಪ್ರಶ್ನೆ ಕೇಳಿದರು. ಎದುರಿಗೆ ಹಾರೊ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದ. "ಅವನು..." ಎಂದು ಶುರುಮಾಡಿದ ಆಲ್ಮುಟ್ ನಿಲ್ಲಿಸಿದಳು. ಆ ಬೆಳಗ್ಗೆ ಮೆಟ್ಟಿಲಲ್ಲಿ ಹೆನ್ನಿಂಗ್‌ನ ಅಂಗೈಗೆ ಕೀಲಿಕೈ ಇಟ್ಟು, ಆ ಕೈಯನ್ನು ಬಿಡದೆ ಹಿಡಿದು ನಿಂತಿದ್ದಳು. ಅವನೂ ಎಳೆದುಕೊಂಡಿರಲಿಲ್ಲ. ಅಷ್ಟನ್ನೂ ಈಗ ಇಲ್ಲವೆನ್ನಬೇಕು.

"ನಾನೇ ಕೊಟ್ಟೆ," ಎಂದಳು. "ದಾರಿಗೆ ಬ್ರೆಡ್ಡೂ ಕಟ್ಟಿಕೊಟ್ಟೆ."

"ಒತ್ತಾಯ ಏನಾದ್ರೂ ಇತ್ತಾ?"

"ಇಲ್ಲ. ಖುಷಿಯಿಂದ್ಲೇ ಕೊಟ್ಟೆ."

ವಕೀಲೆ ಪೆನ್ನಿನ ಮುಚ್ಚಳ ಹಾಕಿದಳು. ತೀರ್ಪು ಮುಂದಿನ ವಾರಕ್ಕಿತ್ತು. ಅದೇನೆಂದು ಅಲ್ಲಿದ್ದ ಎಲ್ಲರಿಗೂ ಆಗಲೇ ತಿಳಿದಿತ್ತು.

ಹೊರಗೆ ಬಸ್ ನಿಲ್ದಾಣದ ಮುಂದೆ ನೀಲಿ ವ್ಯಾನು ಬಂದು ನಿಂತಿತು. ಹಾರೊ ಬಗ್ಗಿ ಬಾಗಿಲು ತೆರೆದ.

"ಗಾಳಿ ನೋಡಿ ಹೇಗೆ ಬೀಸ್ತಿದೆ. ಮನೆವರೆಗೂ ಬಿಡ್ತೀನಿ, ಬನ್ನಿ. ಮೀನಿನ ವಾಸ್ನೆ ಒಂದು ಸಹಿಸ್ಕೋಬೇಕು ಅಷ್ಟೆ."

ಅವಳು ಅನುಮಾನಿಸುತ್ತಲೇ ಹತ್ತಿದಳು. ಅಭ್ಯಾಸಬಲದಿಂದ ಕೈ, ಎಡಬದಿಯ ಚಾಲಕರ ಸೀಟಿನಲ್ಲಿದ್ದಂತೆ, ಎಡಭುಜದ ಕಡೆ ಬೆಲ್ಟ್ ಹುಡುಕಿತು. ಪಕ್ಕದ ಈ ಆಸನದಲ್ಲಿ ಅವಳು ಎಂದೂ ಕೂತವಳಲ್ಲ.

ಸ್ವಲ್ಪ ದೂರ ಹೋದ ಮೇಲೆ ಕೇಳಿದಳು: "ಮಾರುವಾಗ ಅವನು ಏನಾದ್ರೂ ಅಂದ್ನಾ?"

"ಏನಿಲ್ಲ. ಆತುರದಲ್ಲಿದ್ದ." ಹಾರೊ ನೆನಪಿಸಿಕೊಂಡ. "ಹಾಂ, ಮೂರನೇ ಗೇರಿಗೆ ಸ್ವಲ್ಪ ಮುನಿಸು, ಪುಸಲಾಯಿಸಿ ಹಾಕ್ಬೇಕು ಅಂದ. ನಗು ಬಂತು ನಂಗೆ."

ಅದು ಅವಳೇ ಹೆನ್ನಿಂಗ್‌ಗೆ ಹೇಳಿಕೊಟ್ಟಿದ್ದ ಮಾತು, ಅಕ್ಷರಶಃ.

ಎಮ್ಡೆನ್ ಮುಗಿದು ರಸ್ತೆ, ಸಮುದ್ರದ ನೀರು ತಡೆಯಲು ಕಟ್ಟಿದ ಏರಿಯ ಪಕ್ಕಕ್ಕೆ ಹೊರಳಿತು. ಹಾರೊ ಮೆಲ್ಲಗೆ ಗೇರು ಬದಲಿಸಿದ. ಆಲ್ಮುಟ್ ಕಿಟಕಿಯತ್ತ ಮುಖ ತಿರುಗಿಸಿದಳು. ಏರಿಯ ಮೇಲೆ ಕುರಿಗಳು ಒಂದರಿಂದೊಂದು ದೂರದೂರ, ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದವು.