ಮೂರನೇ ನಂಬರಿನ ಹಸುವಿನ ಕಿವಿ

ಆ ಮನೆಯ ಕೊಟ್ಟಿಗೆಯಲ್ಲಿ ಒಂಬತ್ತು ಹಸುಗಳು. ಹೋದ ವರ್ಷದವರೆಗೂ ಒಂದೊಂದಕ್ಕೂ ಒಂದೊಂದು ಹೆಸರಿತ್ತು. ಕುತ್ತಿಗೆಗೆ ಹೊಸ ಬೆಲ್ಟು ಬಂತು ನೋಡಿ, ಹೆಸರು ಹೋಗಿ ನಂಬರು ಬಂತು. ಹಸು ಎಷ್ಟು ಮೆಲುಕು ಹಾಕಿತು, ಎಷ್ಟು ಓಡಾಡಿತು ಎಂಬುದನ್ನೆಲ್ಲ ಬೆಲ್ಟು ಸೊಸೆಯ ಫೋನಿಗೆ ಕಳಿಸುತ್ತದೆ. ಹಸಿರು ಬಂದರೆ ಆರೋಗ್ಯ, ಕೆಂಪು ಬಂದರೆ ಕಾಯಿಲೆ. ಸುಳ್ಳೇಕೆ ಹೇಳಬೇಕು, ಎರಡು ಸಲ ಜ್ವರವನ್ನು ಮೊದಲೇ ಹಿಡಿದುಕೊಟ್ಟಿತ್ತು. ಸೊಸೆಗೆ ಅದರ ಮೇಲೆ ಬಲು ನಂಬಿಕೆ.

ಅವತ್ತು ಬೆಳಿಗ್ಗೆ ಏಳನೇ ನಂಬರಿಗೆ ಕೆಂಪು ಬಂತು. ಗಂಡ ಹೆಂಡತಿ ಸೇರಿ ಅದರ ಬಾಯಿ ತೆರೆಸಿ ಅಜೀರ್ಣದ ಕಹಿ ಔಷಧಿ ಹೊಯ್ದರು. ಪಾಪ, ಅದು ತನ್ನ ಪಾಡಿಗೆ ಗಬಗಬ ಹುಲ್ಲು ತಿನ್ನುತ್ತಾ ನಿಂತಿತ್ತು. ಕಾಯಿಲೆಯ ಹಸು ಹೀಗೆ ತಿನ್ನುತ್ತದೆಯೇ ಎಂದು ಇಬ್ಬರಲ್ಲಿ ಒಬ್ಬರಿಗಾದರೂ ಹೊಳೆಯಬಾರದೇ?

ಅಷ್ಟರಲ್ಲಿ ಅತ್ತೆ ಕೂಗಿದರು. "ಇಲ್ಲಿ ಬಾಮ್ಮ ಸ್ವಲ್ಪ. ನಮ್ಮ ತುಂಟಿ ಯಾಕೋ ಸರಿಯಿಲ್ಲ. ಕಿವಿ ಮುಟ್ಟಿ ನೋಡು, ತಣ್ಣಗೆ ಕೊರೀತಿದೆ."

ತುಂಟಿ ಎಂದರೆ ಮೂರನೇ ನಂಬರು. ಹಿಂದಿನ ದಿನವಷ್ಟೇ ಕರು ಹಾಕಿತ್ತು.

ಸೊಸೆ ಮುಟ್ಟಲಿಲ್ಲ, ಫೋನು ತೋರಿಸಿದಳು. "ನೋಡಿ ಅತ್ತೆ, ಮೂರಕ್ಕೆ ಹಸಿರಿದೆ. ನಿಮಗೆ ಎಲ್ಲದಕ್ಕೂ ಗಾಬರಿ."

"ಅದು ಏನಾದ್ರೂ ಹೇಳ್ಲಿ. ಡಾಕ್ಟರಮ್ಮನಿಗೆ ಒಂದು ಮಾತು ಹೇಳು."

"ಹಸಿರಿರೋ ಹಸುಗೆ ಡಾಕ್ಟರಾ? ನಗ್ತಾರೆ ಅಷ್ಟೇ."

ಅರ್ಧ ಗಂಟೆಯೂ ಆಗಿರಲಿಲ್ಲ. ತುಂಟಿಯ ಕಾಲು ನಡುಗಿತು, ದೊಪ್ಪನೆ ಕುಸಿಯಿತು. ಕತ್ತನ್ನು ಹೊಟ್ಟೆಯ ಕಡೆ ತಿರುಗಿಸಿಕೊಂಡು ಮಲಗಿಬಿಟ್ಟಿತು. ಪಕ್ಕದಲ್ಲಿ ಕರು ಅಂಬಾ ಎಂದರೂ ಕಣ್ಣು ತೆರೆಯಲಿಲ್ಲ. ಸೊಸೆಯ ಜೀವ ಬಾಯಿಗೆ ಬಂತು. ಕೂಡಲೇ ಡಾಕ್ಟರಮ್ಮನಿಗೆ ಫೋನು ಮಾಡಿದಳು.

ಡಾಕ್ಟರಮ್ಮ ಬಂದವರೇ ಕಿವಿ ಹಿಡಿದು ನೋಡಿದರು. "ಕರು ಹಾಕಿದ್ದಕ್ಕೆ ಮೈಯಲ್ಲಿ ಕ್ಯಾಲ್ಸಿಯಂ ಇಳಿದುಹೋಗಿದೆ. ಇನ್ನೂ ತಡ ಆಗಿದ್ರೆ ಕೈ ಬಿಟ್ಟು ಹೋಗ್ತಿತ್ತು." ಬಾಟಲಿ ಮೇಲೆ ಹಿಡಿಯಲು ಗಂಡನಿಗೆ ಹೇಳಿ, ರಕ್ತನಾಳಕ್ಕೆ ಸೂಜಿ ಚುಚ್ಚಿ ನಿಧಾನವಾಗಿ ಔಷಧಿ ಬಿಟ್ಟರು.

"ಆದ್ರೆ ಡಾಕ್ಟರಮ್ಮ, ಹಸಿರೇ ತೋರಿಸ್ತಿತ್ತಲ್ಲ?" ಸೊಸೆ ಅಳುತ್ತಾ ಕೇಳಿದಳು.

ಅವರು ಬೆಲ್ಟು ತಿರುಗಿಸಿದರು. ಒಳಗೆ ಏಳು ಎಂದಿತ್ತು. ಸೊಸೆಯ ಮುಖ ಸಪ್ಪಗಾಯಿತು. ನಿನ್ನೆ ಬೆಲ್ಟುಗಳನ್ನೆಲ್ಲ ಬಿಚ್ಚಿ ತೊಳೆದವಳು ಅವಳೇ. ತಂಗಿಯ ಜೊತೆ ಫೋನಿನಲ್ಲಿ ಹರಟುತ್ತಾ, ಯಾವುದನ್ನು ಯಾವ ಕುತ್ತಿಗೆಗೆ ಕಟ್ಟುತ್ತಿದ್ದೇನೆಂದು ನೋಡಿರಲಿಲ್ಲ. ಮೂರರದು ಏಳಕ್ಕೆ, ಏಳರದು ಮೂರಕ್ಕೆ ಹೋಗಿತ್ತು.

"ಅಯ್ಯೋ, ಹಾಗಾದ್ರೆ ಏಳನೇದಕ್ಕೆ ಕುಡಿಸಿದ್ದು?" ಎಂದ ಗಂಡ.

"ಅದಕ್ಕೆ ಅದರ ಹತ್ರಾನೇ ಕ್ಷಮೆ ಕೇಳು," ಎಂದರು ಅತ್ತೆ.

ಡಾಕ್ಟರಮ್ಮ ಸೊಸೆಯ ಕಡೆ ತಿರುಗಿದರು. "ನೋಡಮ್ಮ, ಬೆಲ್ಟು ಒಳ್ಳೇದೇ. ತನ್ನ ಕೆಲಸ ತಾನು ಮಾಡಿದೆ. ಅದು ಬಂದ ಮೇಲೆ ನಾವು ನಮ್ಮ ಕೆಲಸ ಬಿಟ್ಟುಬಿಡ್ತೀವಿ. ನಾನು ಹೋಗೋ ಎಷ್ಟೋ ಕೊಟ್ಟಿಗೆಯಲ್ಲಿ ಹೀಗೇ ಆಗಿದೆ. ಹಸು ಹೇಗಿದೆ ಅಂದ್ರೆ ಜನ ಫೋನು ತೆಗೀತಾರೆ. ಹಸು ಎದುರಿಗೇ ನಿಂತಿರುತ್ತೆ!"

ಸೊಸೆ ತುಂಟಿಯ ಪಕ್ಕ ಕುಳಿತಳು. ತುಂಟಿಯ ಮುಖ ನೆಟ್ಟಗೆ ನೋಡಿ ಎಷ್ಟು ತಿಂಗಳಾಯಿತು ಎಂದು ಯೋಚಿಸಿದಳು. ಲೆಕ್ಕ ಸಿಗದೆ ಬಹಳ ನಾಚಿಕೆಯಾಯಿತು.

ಸ್ವಲ್ಪ ಹೊತ್ತಿಗೆ ತುಂಟಿ ಡರ್ರೆಂದು ತೇಗಿತು, ಸೆಗಣಿ ಹಾಕಿತು, ತಡವರಿಸುತ್ತಾ ಎದ್ದು ನಿಂತು ಕರುವನ್ನು ನೆಕ್ಕತೊಡಗಿತು. ಸೊಸೆ ಅದರ ಕತ್ತು ತಬ್ಬಿಕೊಂಡು ಅತ್ತಳು. "ಅತ್ತೆ, ನೀವು ದಿನಾ ಏನೇನು ಮುಟ್ಟಿ ನೋಡ್ತೀರಿ, ನಂಗೂ ಹೇಳಿಕೊಡಿ," ಎಂದಳು.

ಬೆಲ್ಟುಗಳು ಈಗಲೂ ಇವೆ. ಆದರೆ ಆ ಮನೆಯಲ್ಲಿ ಬೆಳಿಗ್ಗೆ ಫೋನಿಗಿಂತ ಮೊದಲು ಹಸುವಿನ ಸರದಿ.

ಅಕ್ಕಂದಿರೇ, ಅಣ್ಣಂದಿರೇ, ಯಂತ್ರ ತನ್ನಿ, ಯಾರೂ ಬೇಡ ಅನ್ನುವುದಿಲ್ಲ. ದಿನಕ್ಕೆ ಎರಡು ಸಲ ನಿಮ್ಮ ಕೈಯೂ ಹಸುವಿನ ಮೈಮೇಲೆ ಆಡಲಿ. ಮೇವು ತಿಂದಿದೆಯೇ, ಕಣ್ಣು ಚುರುಕಾಗಿದೆಯೇ ನೋಡಿ. ಕರು ಹಾಕಿದ ಹಸುವಿನ ಕಿವಿ ತಣ್ಣಗಿದ್ದು ಕಾಲು ನಡುಗಿದರೆ, ಫೋನಿನಲ್ಲಿ ಯಾವ ಬಣ್ಣವಿದ್ದರೂ ಸರಿ, ತಕ್ಷಣ ಪಶುವೈದ್ಯರನ್ನು ಕರೆಸಿ. ಹಸುವಿಗೆ ಬಾಯಿಬಿಟ್ಟು ಹೇಳಲು ಬರುವುದಿಲ್ಲ. ಈ ಹಾಳೆ ಪಕ್ಕಕ್ಕಿಟ್ಟು ಈಗಲೇ ಒಮ್ಮೆ ಕೊಟ್ಟಿಗೆಗೆ ಹೋಗಿ ಬನ್ನಿ.