ಹೊಂಡದ ಮೇಲಿನ ತಾಡಪತ್ರಿ

ನನ್ನ ಹೆಸರು ಸಂಘಪಾಲ. ಹುಮನಾಬಾದಿನಲ್ಲಿ ಗೌಂಡಿ ಕೆಲಸ ಮಾಡುತ್ತೇನೆ. ಮೂವತ್ತು ವರ್ಷದಲ್ಲಿ ಎಷ್ಟೋ ಮನೆ, ಎಷ್ಟೋ ನೀರಿನ ಟಾಕಿ ಕಟ್ಟಿದ್ದೇನೆ. ಅವುಗಳಲ್ಲಿ ಒಂದರ ಹತ್ತಿರ ನಾನು ಈಗಲೂ ಹೋಗುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈ ಬೇಸಿಗೆಯ ಮೊದಲಿಗೆ ಗುರುಲಿಂಗ ಸಾವಕಾರರು ನನ್ನನ್ನು ಮನೆಗೆ ಕರೆಸಿದರು. ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಅವರದು ಅಡತಿ (ದಲಾಲಿ) ಅಂಗಡಿ. ತೊಗರಿ, ಹೆಸರು, ಸೋಯಾ ವ್ಯಾಪಾರ. ಹೊಸ ಮನೆಯ ಹಿತ್ತಲಿನಲ್ಲಿ ಒಂದು ಈಜುಕೊಳ ಕಟ್ಟಿಸಬೇಕೆಂದು ಅವರ ಆಸೆ.

"ಬಿಸಲು ಹ್ಯಾಂಗ ಸುಡಾಕತ್ತದ ನೋಡು ಸಂಘಪಾಲಣ್ಣ. ನಮ್ಮ ಸ್ನೇಹಲ್ ಮನ್ಯಾಗೇ ಈಸಲಾಕ ಕಲೀಲಿ" ಅಂದರು. ಸ್ನೇಹಲ್ ಅವರ ಮಗಳು, ನಾಲ್ಕು ವರ್ಷದ ಕೂಸು.

ನಾನು ಸುಣ್ಣದ ಗೆರೆ ಹಾಕಿದೆ. ಇಪ್ಪತ್ತು ಅಡಿ ಉದ್ದ, ಹತ್ತು ಅಡಿ ಅಗಲ. ಅಡುಗೆಮನೆಯ ಬಾಗಿಲು ನೇರ ಹಿತ್ತಲಿಗೇ ತೆರೆಯುತ್ತಿತ್ತು. ಅಲ್ಲಿಂದ ಗೆರೆಗೆ ಆರು ಹೆಜ್ಜೆ.

"ಸಾವಕಾರ್ರ, ಇದರ ಸುತ್ತ ಸರಳಿನ ಜಾಳಿ ಬೇಕ್ರಿ. ಜಾಳಿಗಿ ಒಂದು ಗೇಟ್ ಬೇಕ್ರಿ" ಅಂದೆ.

"ಆಳೆತ್ತರ ಕಂಪೌಂಡ್ ನೀನೇ ಕಟ್ಟೀದಿ. ಮತ್ಯಾಕ ಜಾಳಿ?"

"ಕಂಪೌಂಡ್ ಹೊರಗಿನವರಿಗ್ರಿ. ಮನ್ಯಾಗಿನ ಕೂಸಿಗಿ ಏನು ಅಡ್ಡ ಅದ?"

ಬಾಗಿಲಲ್ಲಿ ತೊಗರಿ ಆರಿಸುತ್ತ ಕೂತಿದ್ದ ಸಾವಕಾರರ ತಾಯಿ ಲಲಿತಾಬಾಯಿ ತಲೆ ಎತ್ತಿದರು. "ನಾವಿಷ್ಟು ಮಂದಿ ಇರ್ತೀವಲ್ಲೋ. ಕೂಸು ನಮ್ಮ ಕಣ್ಣ ಮುಂದೇ ಆಡ್ತದ. ಪಂಜರ ಕಟ್ಟಿದ್ರ ಹಿತ್ತಲ ಚಂದ ಕಾಣ್ತದೇನು?"

"ಅವ್ವಾರ, ಉಕ್ಕೋ ಹಾಲು ಇಳಿಸಿ ಬರೋದ್ರಾಗ ಎಲ್ಲಾ ಮುಗೀತದ್ರಿ. ಮುಳುಗೋ ಕೂಸು ಒದರಂಗಿಲ್ಲ. ಸಪ್ಪಳಾನೂ ಆಗಂಗಿಲ್ಲ."

ಗುರುಲಿಂಗ ಸಾವಕಾರರು ನಕ್ಕರು. "ಫಿಕರ್ ಬಿಡು. ಈಸೋದು ಮುಗದ ಮ್ಯಾಲ ತಾಡಪತ್ರಿ ಹೊಚ್ಚಿ ಬಿಡ್ತೀನಿ. ಅಂಗಡ್ಯಾಗ ಬೇಕಾದಷ್ಟು ಬಿದ್ದಾವ."

ಆ ಮಾತು ಕೇಳಿ ಜಗಳ ಆಡಬೇಕು ಅನ್ನಿಸಿತು, ಆಡಲಿಲ್ಲ.

"ಒಂದು ತಾಡಪತ್ರಿ ಕೊಡ್ರಿ" ಅಂದೆ. ಸುಣ್ಣದ ಗೆರೆಯ ಮೇಲೆ ಆ ಟಾರ್ಪಾಲು ಹಾಸಿ ನಾಲ್ಕು ಮೂಲೆಗೆ ಕಲ್ಲಿಟ್ಟೆ. "ಈಗ ಕೂಸಿಗಿ ಕರೀರಿ. ಏನೂ ಹೇಳಬ್ಯಾಡ್ರಿ."

ಸ್ನೇಹಲ್ ಬಾಗಿಲಿಗೆ ಬಂದಳು. ಒಂದು ಕ್ಷಣ ನೋಡಿದಳು. "ಆಯೀ, ರಾಶಿ!" ಅಂತ ಕೂಗಿ, ಅಜ್ಜಿಯನ್ನು ದಾಟಿ ಓಡಿ ಹೋಗಿ ತಾಡಪತ್ರಿಯ ನಟ್ಟನಡುವೆ ಹಾರಿದಳು. ಉರುಳಿದಳು, ಅಂಗಾತ ಮಲಗಿದಳು. ಗಂಜಿನಲ್ಲಿ ಅಪ್ಪನ ಜೊತೆ ಹೋದಾಗಲೆಲ್ಲ ಅವಳ ಆಟ ಅದೇ. ಕಾಳಿನ ರಾಶಿಗೆ ಹೊಚ್ಚಿದ ತಾಡಪತ್ರಿಯ ಮೇಲೆಯೇ ಅವಳು ನಡೆಯಲು ಕಲಿತದ್ದು.

ಎಲ್ಲರೂ ನಕ್ಕರು. ಮೊದಲು ನಗು ನಿಂತದ್ದು ಲಲಿತಾಬಾಯಿಯವರದು.

"ಅಡತ್ಯಾರ ಕೂಸ್ರಿ ಇದು" ಅಂದೆ. "ತಾಡಪತ್ರಿ ಕಂಡ್ರ ತೆಳಗ ಕಾಳು ಅದ ಅಂತ ತಿಳೀತದ. ನೀರು ಅದ ಅಂತ ಯಾರು ಹೇಳಬೇಕು?"

ಆಗ ನಾನು ಯಾರ ಮುಂದೂ ಹೇಳದ ಮಾತು ಹೇಳಿದೆ.

ಏಳು ವರ್ಷದ ಹಿಂದೆ, ಕೊಹಿನೂರ ಊರಿನ ಹತ್ತಿರ ಒಂದು ರೈತರ ಮನೆಗೆ ನೆಲದೊಳಗೆ ದೊಡ್ಡ ಟಾಕಿ ಕಟ್ಟಿದ್ದೆ. ಕಬ್ಬಿಣದ ಮುಚ್ಚಳ ಬರಲು ಇನ್ನೂ ಎಂಟು ದಿನ ಬೇಕಿತ್ತು. ಅದು ತೊಗರಿ ರಾಶಿ ಮಾಡುವ ಕಾಲ. ಆ ಮನೆಯ ಮೊಮ್ಮಗಳು ಅಮೃತಳಿಗೆ ಮೂರು ವರ್ಷ. ಅಂಗಳದಲ್ಲಿ ತಾಡಪತ್ರಿ ಹೊಚ್ಚಿದ ರಾಶಿಗಳ ಮೇಲೆ ಆಡಿ, ಮನೆಯ ಹಿಂದೆ ನೀರು ತುಂಬಿದ ಟಾಕಿಗೆ ಹೊಚ್ಚಿದ್ದ ತಾಡಪತ್ರಿಯ ಮೇಲೂ ಕಾಲಿಟ್ಟಳು. ತಾಡಪತ್ರಿ ಅವಳ ಸಮೇತ ನೀರಿಗೆ ಕುಸಿದು ಅವಳನ್ನು ಸುತ್ತಿಕೊಂಡಿತು. ಮನೆ ತುಂಬ ಮಂದಿ ಇದ್ದರು, ನಾನೂ ಇದ್ದೆ. ಯಾರಿಗೂ ಕೇಳಿಸಲಿಲ್ಲ. ಎತ್ತಿದ ಮೇಲೆ ಕಾಲು ಹಿಡಿದು ತಲೆಕೆಳಗೆ ಮಾಡಿ ತಿರುಗಿಸಿದೆವು. ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕೆಂದು ನಮಗೆ ಗೊತ್ತಿರಲಿಲ್ಲ. ಕೂಸು ಉಳಿಯಲಿಲ್ಲ.

"'ಮುಚ್ಚಳ ಬರೋತನಕ ತಾಡಪತ್ರಿ ಹೊಚ್ರಿ, ಸಾಕು' ಅಂದಾಂವ ನಾನೇರಿ" ಅಂದೆ. ಸಾವಕಾರರ ಹಿತ್ತಲಿನಲ್ಲಿ ನಿಂತು ಅತ್ತೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ನನ್ನ ಬುದ್ಧಿ ಅಂಥದ್ದು.

ಗುರುಲಿಂಗ ಸಾವಕಾರರು ಹೋಗಿ ಮಗಳನ್ನು ತಾಡಪತ್ರಿಯ ಮೇಲಿಂದ ಎತ್ತಿಕೊಂಡರು. ಅದು ಬರೀ ಗಟ್ಟಿ ನೆಲವೇ ಆಗಿತ್ತು. ಆದರೂ ಅವಳನ್ನು ಮತ್ತೆ ಕೆಳಗೆ ಬಿಡಲಿಲ್ಲ.

"ಸಂಘಪಾಲ, ಮೊದಲ ಜಾಳಿ ಹಾಕು" ಅಂದರು ಲಲಿತಾಬಾಯಿ. "ತಗ್ಗು ಆಮ್ಯಾಲ ತೋಡು."

ಹಾಗೆಯೇ ಮಾಡಿದೆವು. ನಾಲ್ಕೂ ಕಡೆ ಐದು ಅಡಿ ಎತ್ತರದ ಜಾಳಿ. ಎಲ್ಲ ನೆಟ್ಟಗಿನ ಸರಳು, ಕೂಸು ಕಾಲಿಟ್ಟು ಹತ್ತಲು ನಡುವೆ ಅಡ್ಡಪಟ್ಟಿ ಇಲ್ಲ. ಗೇಟು ಹೊರಗೆ ತೆರೆಯುತ್ತದೆ, ಕೈ ಬಿಟ್ಟರೆ ತಾನೇ ಮುಚ್ಚಿ ತಾನೇ ಚಿಲಕ ಬೀಳುತ್ತದೆ. ಚಿಲಕ ದೊಡ್ಡವರ ಕೈಗೆ ಮಾತ್ರ ಸಿಗುವ ಎತ್ತರಕ್ಕಿದೆ. ಜಾಳಿಯ ಹತ್ತಿರ ಕುರ್ಚಿ, ಬಕೆಟ್ ಇಡುವುದಿಲ್ಲ. ಆಟ ಮುಗಿದ ಮೇಲೆ ನೀರಿನಲ್ಲಿ ಚೆಂಡು ಬಿಡುವುದಿಲ್ಲ. ಸಾವಕಾರರು ಮತ್ತು ಅವರ ಹೆಂಡತಿ ಶೀತಲ ಇಬ್ಬರೂ ಊರ ದವಾಖಾನೆಯ ನರ್ಸ್ ವಿದ್ಯಾವತಿಬಾಯಿ ಅವರಿಂದ ಉಸಿರು ಕೊಡುವುದನ್ನು, ಎದೆ ಒತ್ತುವುದನ್ನು ಕಲಿತರು. ನಾನೂ ಪಕ್ಕದಲ್ಲಿ ಕೂತು ಕಲಿತೆ. ಸ್ನೇಹಲ್ ನೀರಿಗಿಳಿದರೆ ದೊಡ್ಡವರೊಬ್ಬರು ಕೈಗೆ ಸಿಗುವಷ್ಟು ಹತ್ತಿರ ಇರುತ್ತಾರೆ, ಮೊಬೈಲ್ ಒಳಗಿರುತ್ತದೆ.

ಕೇಳುತ್ತಿರುವ ಅಕ್ಕ, ಅಣ್ಣ, ನಿಮ್ಮಲ್ಲಿ ಈಜುಕೊಳ ಇಲ್ಲದಿರಬಹುದು. ಟಾಕಿ ಇದ್ದೀತು, ಹೊಲದಲ್ಲಿ ಕೃಷಿ ಹೊಂಡ ಇದ್ದೀತು. ಟಾಕಿಗೆ ಗಟ್ಟಿ ಮುಚ್ಚಳ ಹಾಕಿಸಿ ಕೀಲಿ ಹಾಕಿರಿ, ಹೊಂಡಕ್ಕೆ ಜಾಳಿ ಹಾಕಿರಿ. ಅದಾಗುವ ತನಕ ನೀರು ತುಂಬಿಸಬೇಡಿರಿ. ಉಸಿರು ಕೊಡುವುದನ್ನು ಇವತ್ತೇ ಕಲಿಯಿರಿ. ಯಾರಾದರೂ ಮುಳುಗಿ ಉಸಿರು ನಿಂತಿದ್ದರೆ ಹೊರಗೆ ತೆಗೆದ ಕೂಡಲೇ ಉಸಿರು ಕೊಟ್ಟು ಎದೆ ಒತ್ತಿರಿ, ಇನ್ನೊಬ್ಬರು ೧೦೮ಕ್ಕೆ ಫೋನ್ ಮಾಡಿರಿ.

ಕಟ್ಟುವ ಗೌಂಡಿ "ಇಷ್ಟು ಸಾಕು" ಅಂದರೆ ಅವನ ಮಾತು ಕೇಳಬೇಡಿರಿ. ಕೊಹಿನೂರದ ಆ ಮನೆಯವರು ನನ್ನ ಮಾತು ಕೇಳಿದ್ದರು.